ಮಗಳಿಗೊಂದು ಪತ್ರ: ಲೋಡ್ ಹೊತ್ತ ಪುಟಾಣಿ ಪಿಕಪ್

ದಾವಣಗೆರೆ
ಭಾನುವಾರ

ಪ್ರೀತಿಯ ಸಹನಾ,

ನೀನು ಫೋನಲ್ಲಿ ಹೇಳಿದ ಹಾಗೆ ನಾವು ಕಟ್ತಿರೋ ಪ್ಲಾಸ್ಟಿಕ್ ಮಾಡೆಲ್ ಗಾಡಿಯನ್ನ ನೆಲಕ್ಕೆ ತಾಗೋ ಥರ ಇಳಿಸೋಕೆ ನನಗೆ ಮನಸ್ಸಿಲ್ಲ. ಇಳಿಸೋಣ, ಬೇಡ ಅನ್ನಲ್ಲ. ಆದರೆ ಅದಕ್ಕೊಂದು ಕಾರಣ ಬೇಕು. ಫೋನಲ್ಲಿ ಹೇಳೋಕೆ ಹೋದರೆ ನೀನು ಮಧ್ಯೆ ಬಾಯಿ ಹಾಕ್ತೀಯ, ಅದಕ್ಕೇ ಬರೀತಿದ್ದೀನಿ.

ಮೊದಲು ಕೆಲಸ ಎಲ್ಲಿಗೆ ಬಂತು ಅಂತ ಹೇಳಿಬಿಡ್ತೀನಿ. ನೀನು ಹಾಸ್ಟೆಲ್‌ಗೆ ಹೋಗುವಾಗ ಬಿಟ್ಟುಹೋದ ಎರಡೂ ಕಿಟ್ ಬಿಚ್ಚಿದ್ದೀನಿ. ಎಎಂಟಿ ಅನ್ನೋ ಅಮೆರಿಕದ ಕಂಪನಿಯ 1950ರ ಷೆವರ್ಲೆ ಪಿಕಪ್ 1/25 ಅಳತೆಯದು, ಅಂದ್ರೆ ನಿಜವಾದ ಗಾಡಿಯ ಇಪ್ಪತ್ತೈದರಲ್ಲಿ ಒಂದು ಪಾಲು. ಜಪಾನಿನ ಅಓಶಿಮಾ ಕಂಪನಿಯ ಟೊಯೋಟಾ ಹೈಲಕ್ಸ್ ಪಿಕಪ್ 1/24. ಕೇಳೋಕೆ ಏನು ಮಹಾ ವ್ಯತ್ಯಾಸ ಅನ್ನಿಸುತ್ತೆ. ಆದರೆ ನಿಜವಾದ ಗಾಡಿಯ ಒಂದೂವರೆ ಮೀಟರ್ ಅಗಲ ಒಂದರಲ್ಲಿ 6 ಸೆಂ.ಮೀ., ಇನ್ನೊಂದರಲ್ಲಿ 6.25. ಎರಡೂವರೆ ಮಿಲಿಮೀಟರ್ ಅಂದ್ರೆ ಕಣ್ಣಿಗೆ ಹೊಡೆಯುತ್ತೆ. ಹಾಗಾಗಿ ಕ್ಯಾಬಿನ್ನು, ಹಿಂದಿನ ಬಾಡಿ ಎರಡೂ ಷೆವರ್ಲೆಯದೇ. ಚಕ್ರ, ಸೀಟು, ಸ್ಟೀರಿಂಗ್ ಮಾತ್ರ ಹೈಲಕ್ಸ್‌ನಿಂದ. ಅವುಗಳಲ್ಲಿ ಅರ್ಧ ಮುಕ್ಕಾಲು ಮಿಲಿಮೀಟರ್ ಹೆಚ್ಚುಕಮ್ಮಿ ಆದರೆ ಯಾರೂ ಕೇಳಲ್ಲ.

ಅಂಟಿಸೋ ಕೆಲಸ ನನಗೆ ಹೊಸದು ಅನ್ನಿಸಲೇ ಇಲ್ಲ. ಈ ಪ್ಲಾಸ್ಟಿಕ್ ಅಂಟು ನಮ್ಮ ವೆಲ್ಡಿಂಗ್ ಜಾತಿಯದೇ. ಎರಡೂ ಅಂಚು ಕರಗಿಸಿ ಒಂದು ಮಾಡುತ್ತೆ. ಬಂಪರ್, ಗ್ರಿಲ್ ಮೇಲೆ ಕ್ರೋಮ್ ಇದೆಯಲ್ವಾ, ಅಂಟು ಬೀಳೋ ಜಾಗದಲ್ಲಿ ಅದನ್ನ ಬ್ಲೇಡಿಂದ ಕೆರೆದು ತೆಗೆದೆ. ಇಲ್ಲಾಂದ್ರೆ ಕೂರಲ್ಲ. ಕಿಟ್‌ನ ಭಾಗಗಳು ಅಂಟಿಕೊಂಡು ಬಂದಿದ್ದ ಪ್ಲಾಸ್ಟಿಕ್ ಕಡ್ಡಿಗಳನ್ನ ಚೂರು ಮಾಡಿ ಅದೇ ಅಂಟಲ್ಲಿ ನೆನೆಹಾಕಿದ್ದೀನಿ. ಕರಗಿ ಒಳ್ಳೇ ಪುಟ್ಟಿ ಆಗಿದೆ, ಸಂದಿಗೆಲ್ಲ ಅದನ್ನೇ ತುಂಬಿದೆ. ಗಾಜಿಗೆ, ಅಂದ್ರೆ ಆ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಮಾತ್ರ ಫೆವಿಕಾಲ್. ಫೆವಿಕ್ವಿಕ್ ಹತ್ತಿರ ತಂದರೂ ಅದರ ಆವಿಗೇ ಗಾಜು ಬೆಳ್ಳಗೆ ಮಂಕಾಗುತ್ತೆ, ನೆನಪಿರಲಿ.

ಪೇಂಟ್ ವಿಷಯದಲ್ಲಿ ನನ್ನ ಇಷ್ಟು ವರ್ಷದ ಕೈ ಪಳಗಿದ್ದೇ ತೊಂದರೆ. ಶೆಡ್ಡಲ್ಲಿ ಕಾರಿಗೆ ಹೊಡೆಯೋ ಪೇಂಟು, ತಳದ ಪ್ರೈಮರ್‌ನಿಂದ ಮೇಲಿನ ಹೊಳಪಿನ ಕ್ಲಿಯರ್‌ತನಕ ಎಲ್ಲ ಸೇರಿ ಸುಮಾರು 0.1 ಮಿ.ಮೀ. ದಪ್ಪ. ಅಷ್ಟೇ ದಪ್ಪ ಇದಕ್ಕೂ ಹೊಡೆದರೆ, ದೊಡ್ಡ ಗಾಡಿ ಲೆಕ್ಕದಲ್ಲಿ ಎರಡೂವರೆ ಮಿಲಿಮೀಟರ್ ಬಣ್ಣ ಬಳಿದ ಹಾಗೆ! ಬಾಗಿಲ ಗೆರೆ ಮುಚ್ಚಿಹೋಗುತ್ತೆ. ಅದಕ್ಕೇ ಪ್ರೈಮರ್‌ಗೆ ಮೊದಲೇ ಬ್ಲೇಡಿನ ಬೆನ್ನಿಂದ ಬಾಗಿಲು, ಬಾನೆಟ್ ಗೆರೆಗಳನ್ನ ಇನ್ನೂ ಸ್ವಲ್ಪ ಆಳ ಮಾಡಿದ್ದೀನಿ. ನಮ್ಮ ಶೆಡ್ಡಿನ ಥಿನ್ನರ್ ಈ ಪ್ಲಾಸ್ಟಿಕ್ಕನ್ನ ತಿಂದುಹಾಕುತ್ತೆ, ಅದನ್ನ ಮುಟ್ಟೋದೇ ಬೇಡ. ನೀನು ತಂದಿಟ್ಟ ಡಬ್ಬಿಯಲ್ಲೇ ತೆಳ್ಳಗೆ ಹೊಡೀತೀನಿ, ಒಣಗೋಕೆ ಬಿಟ್ಟು ಮತ್ತೆ ಹೊಡೀತೀನಿ. ಮಳೆ ಮೋಡ ಇದ್ದ ದಿನ ಇಲ್ಲ, ತೇವಕ್ಕೆ ಬಣ್ಣ ಬಿಳಿಚಿಕೊಳ್ಳುತ್ತೆ. ಗಾಳಿ ಮಂಡಕ್ಕಿ ಭಟ್ಟಿ ಕಡೆಯಿಂದ ಬೀಸಿದ ದಿನವೂ ಇಲ್ಲ.

ಬಣ್ಣ ಯಾವುದು ಅಂತ ಜಗಳ ಬೇಡ. ನಿನ್ನ ಮಿರುಗೋ ಕೆಂಪು ನನಗೆ ಹಿಡಿಸಿಲ್ಲ. ಆ ಕಾಲದ ಷೆವರ್ಲೆ ಟ್ರಕ್ಕುಗಳಿಗೆ ಕಂಪನಿಯಿಂದಲೇ ಬರುತ್ತಿದ್ದದ್ದು ಫಾರೆಸ್ಟ್ ಗ್ರೀನ್, ಕಡು ಹಸಿರು. ಮಣ್ಣು ಮೆತ್ತಿದರೆ ಎಷ್ಟು ಚೆನ್ನಾಗಿ ಕಾಣುತ್ತೆ ನೋಡು.

ಈಗ ಇಳಿಸೋ ವಿಷಯ. ಅಮೆರಿಕದವರಿಗೆ ಗಾಡಿ ಇಳಿಸೋದು ಶೋಕಿ. ಎಎಂಟಿಯವರು 1958ರಿಂದಲೇ ಒಂದೇ ಡಬ್ಬಿಯಲ್ಲಿ ಮೂರು ಥರ ಕಟ್ಟೋ ಕಿಟ್ ಮಾರಿದವರು: ಕಂಪನಿ ಮಾಡಿದ ಹಾಗೇ ಒಂದು, ಶೋಕಿಗೆ ಮಾರ್ಪಾಡು ಮಾಡಿದ್ದೊಂದು, ರೇಸಿಗೊಂದು. ಅವರಿಗೆ ಅದು ಸರಿ. ಆದರೆ ನೀನು ಇದಕ್ಕೆ ನಮ್ಮ ದಾವಣಗೆರೆಯ ಕೆಎ 17 ನಂಬರ್ ಬೋರ್ಡ್ ಹಾಕಿ ಚನ್ನಗಿರಿ ಅಡಿಕೆ ಹೇರ್ತೀನಿ ಅಂತಿದ್ದೀಯ. ಹಾಗಾದ್ರೆ ಅದು ದುಡಿಯೋ ಗಾಡಿ. ದುಡಿಯೋ ಗಾಡಿ ಎಷ್ಟು ಎತ್ತರಕ್ಕೆ ನಿಲ್ಲಬೇಕು ಅನ್ನೋದನ್ನ ಲೋಡ್ ಹೇಳುತ್ತೆ.

ಎಪಿಎಂಸಿ ಗೇಟ್ ಮುಂದೆ ನಿಂತು ನೋಡು. ಖಾಲಿ ಪಿಕಪ್ ಹಿಂಭಾಗ ಎತ್ತಿಕೊಂಡೇ ಓಡುತ್ತೆ. ಮೆಕ್ಕೆಜೋಳ ಹೇರಿದ್ದು ಹಿಂದೆ ಕೂತಿರುತ್ತೆ. ಚಕ್ರದ ಮೇಲೆ ಭಾರ ಹೊರೋ ಸ್ಪ್ರಿಂಗು, ಅಂದ್ರೆ ಕಮಾನ್ ಪಟ್ಟಿ, ಗಾಡಿ ಖಾಲಿ ಇದ್ದಾಗ ಬಿಲ್ಲಿನ ಹಾಗೆ ಬಾಗಿರುತ್ತೆ, ಲೋಡ್ ಬಿದ್ದಾಗ ಚಪ್ಪಟೆ ಆಗುತ್ತೆ. ಕಿಟ್‌ನಲ್ಲಿ ಕೊಟ್ಟಿರೋದು ಬಾಗಿದ ಕಮಾನು. ಅದರ ಮೇಲೆ ಚೀಲ ಪೇರಿಸಿಟ್ಟರೆ ಚೀಲದೊಳಗೆ ಬರೀ ಹತ್ತಿ ಇದ್ದ ಹಾಗೆ ಕಾಣುತ್ತೆ. ಅದಕ್ಕೇ ಹಿಂದಿನ ಎರಡೂ ಕಮಾನನ್ನ ಬಿಸಿನೀರಲ್ಲಿ ಅದ್ದಿ ಮೆತ್ತಗೆ ಒತ್ತಿ ಚಪ್ಪಟೆ ಮಾಡಿದೆ. ಹಿಂಭಾಗ ಸುಮಾರು 3 ಮಿ.ಮೀ. ಇಳಿಯಿತು. ದೊಡ್ಡ ಗಾಡಿ ಲೆಕ್ಕಕ್ಕೆ ಅದು ಏಳೂವರೆ ಸೆಂ.ಮೀ. ಹಿಂದಿನ ಟೈರಿನ ತಳ ಎಮರಿ ಪೇಪರ್‌ಗೆ ಸ್ವಲ್ಪ ಉಜ್ಜಿ ಚಪ್ಪಟೆ ಮಾಡಿದ್ದೀನಿ, ಭಾರಕ್ಕೆ ಒತ್ತಿದ ಹಾಗೆ. ಮುಂದುಗಡೆ ಮುಟ್ಟಿಲ್ಲ. ನಿನ್ನ ಗಾಡಿ ಇಳೀತು, ನನ್ನ ಮಾತೂ ಉಳೀತು.

ಅಡಿಕೆ ಬದಲು ಏನು ಹಾಕೋದು ಅಂತ ಜಾಸ್ತಿ ತಲೆಕೆಡಿಸಿಕೊಂಡೆ. ಸಾಸಿವೆ ದೊಡ್ಡದಾಯ್ತು, 25 ಪಟ್ಟು ಮಾಡಿದರೆ ನಿಂಬೆಹಣ್ಣು. ಕೊನೆಗೆ ಹೊಳೆದದ್ದು ರಾಗಿ. ಸುಲಿದು ಬೇಯಿಸಿ ಒಣಗಿಸಿದ ಕೆಂಪಡಿಕೆಯ ಗಾತ್ರ, ಅದೇ ಬಣ್ಣ! ಪೇಂಟೂ ಬೇಡ. ಅಮ್ಮ ಕೊಟ್ಟದ್ದು ಒಂದು ಚಮಚ ರಾಗಿ, ಬೈದದ್ದು ಮಾತ್ರ ಒಂದು ಗಂಟೆ. ಹುಳ ಬೀಳದ ಹಾಗೆ ಅದರ ಮೇಲೆ ವಾರ್ನಿಶ್ ಹೊಡೀಬೇಕು. ಚೀಲಕ್ಕೆ ಗೋಣಿಬಟ್ಟೆ ಆಗಲ್ಲ, ಅದರ ನೂಲು ಇಲ್ಲಿ ಹಗ್ಗದ ಥರ ಕಾಣುತ್ತೆ. ನನ್ನ ಹಳೇ ಪಂಚೆಯ ಚೂರನ್ನ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಮಾಡಿದ್ದೀನಿ. ಒಂದು ಚೀಲದ ಬಾಯಿ ಮಾತ್ರ ಬಿಚ್ಚಿದೆ, ಅಡಿಕೆ ಕಾಣಲಿ ಅಂತ. ತಾಡಪಾಲು ಹೊದಿಸೋದು ಬೇಡ. ಆ ಷೆವರ್ಲೆಗೆ ಹಿಂದೆ ಮರದ ಹಲಗೆ ಹಾಸು, ನಡುವೆ ಕಬ್ಬಿಣದ ಪಟ್ಟಿ. ಅದನ್ನ ಮುಚ್ಚಿದರೆ ಹೊಟ್ಟೆ ಉರಿಯುತ್ತೆ.

ಡ್ಯಾಷ್‌ಬೋರ್ಡ್ ನಿನಗೇ ಬಿಟ್ಟಿದ್ದೀನಿ. ಷೆವರ್ಲೆಯ ಸ್ಟೀರಿಂಗ್ ಎಡಕ್ಕೆ. ಕೆಎ 17 ಅಂದಮೇಲೆ ಬಲಕ್ಕೆ ಬರಬೇಕು. ಮೀಟರ್ ಇರೋ ತುಂಡನ್ನ ಕತ್ತರಿಸಿ ಆ ಕಡೆಗೆ ಕೂರಿಸಬೇಕು, ಪೆಡಲೂ ಬದಲಿಸಬೇಕು. ಕನ್ನಡಕ ಹಾಕಿದರೂ ನನಗೆ ಆಗೋ ಕೆಲಸ ಅಲ್ಲ ಅದು. ಕ್ಯಾಬಿನ್ ಮೇಲ್ಭಾಗ ಅಂಟಿಸದೇ ಇಟ್ಟಿದ್ದೀನಿ.

ಬರುವಾಗ ಡೆಕಲ್ ಪೇಪರ್ ತಾ, ಪ್ರಿಂಟ್ ಮಾಡಿ ಗಾಡಿಗೆ ಅಂಟಿಸೋ ಹಾಳೆ, ಬಿಳೀದು. ಪ್ರಿಂಟರ್‌ನಲ್ಲಿ ಬಿಳಿ ಬಣ್ಣ ಬರಲ್ಲ, ಪಾರದರ್ಶಕದ್ದು ತಂದರೆ ಹಸಿರು ಡಾಲಾ, ಅಂದ್ರೆ ಹಿಂದಿನ ಬಾಗಿಲ ಮೇಲೆ ಹಳದಿ ನಂಬರ್ ಪ್ಲೇಟು ಕಾಣೋದೇ ಇಲ್ಲ. ಪ್ಲೇಟು 14 ಮಿ.ಮೀ. ಅಗಲ, 8 ಮಿ.ಮೀ. ಎತ್ತರ ಸಾಕು. ಡಾಲಾ ಮೇಲೆ ಏನು ಬರೆಸ್ತೀಯ ಅಂತ ಅಲ್ಲೇ ಯೋಚಿಸಿಕೊಂಡು ಬಾ. ಅಮ್ಮ 'ಬಸವ' ಅಂತ ಇರಲಿ ಅಂತಾಳೆ.

ಇಂತಿ,
ನಿನ್ನ ಅಪ್ಪ