ಏನು ಕಮ್ಮಿ ಬಿತ್ತು?

ಯುಗಾದಿ ಊಟದ ತಯಾರಿಗೆ ನಮ್ಮ ಸಂಘ ಒಂದು ಪ್ರಕಟಣೆ ಹೊರಡಿಸಿತ್ತು: 'ಅಡುಗೆ ವಿಭಾಗದಲ್ಲಿ ಸ್ವಯಂಸೇವಕರ ಕೊರತೆಯಿದೆ.' ಕಲಬುರಗಿಯ ಹಿರಿಯ ಸದಸ್ಯರೊಬ್ಬರು ಓದಿ ನಕ್ಕರು. 'ಇದೇನ್ರೀ, ಸರ್ಕಾರಿ ನೋಟೀಸ್ ಆಗ್ಯಾದಲ್ಲ! ಮಂದಿ ಕಮ್ಮಿ ಬಿದ್ದಾರ, ಬರ್ರಿ ಅನ್ರಿ. ಓಡಿ ಬರ್ತಾರ.'

ಕೊರತೆ ಅಪ್ಪಟ ದ್ರಾವಿಡ ಪದ. ಹಳಗನ್ನಡದಲ್ಲಿ ಕೊಱತೆ, ಆ ಱ ಅಕ್ಷರ ಈಗ ಬಳಕೆಯಲ್ಲಿಲ್ಲ. ತಮಿಳಿನ ಕುಱೈ, ತೆಲುಗಿನ ಕೊರತ ಅದರ ಒಡಹುಟ್ಟುಗಳು. ಆದರೆ ಪಾಪ, ಇವತ್ತು ಅದು ಜಾಸ್ತಿ ಕಾಣಿಸೋದು ಪೇಪರಿನಲ್ಲಿ: ಮಳೆ ಕೊರತೆ, ಶಿಕ್ಷಕರ ಕೊರತೆ, ಕುಂದುಕೊರತೆ ಸಭೆ.

ಕಮ್ಮಿ ಹೊರಗಿನಿಂದ ಬಂದದ್ದು. ಫಾರಸಿಯ 'ಕಮೀ' ನಮ್ಮ ಬಾಯಲ್ಲಿ ಒತ್ತು ಪಡೆದು ಕಮ್ಮಿ ಆಯಿತು. ಅದರ ಜೋಡಿ ಜಾಸ್ತಿಯೂ ಅದೇ ದಾರಿಯಲ್ಲಿ ಬಂತು, ಅದರ ಬೇರು ಮಾತ್ರ ಅರಬ್ಬಿ. ಮೈಸೂರಿನವರೂ ಕಮ್ಮಿ ಅಂತಾರೆ, ಅಲ್ವಾ? ಆದರೆ ಕಲಬುರಗಿ, ಬೀದರ್ ಎರಡೂ ಬಹಮನಿ ಸುಲ್ತಾನರ ರಾಜಧಾನಿಗಳು. ಆಸ್ಥಾನದಲ್ಲಿ ಫಾರಸಿ ನಡೆಯುತ್ತಿತ್ತು. ಮುಂದೆ ನಿಜಾಮರ ಕಚೇರಿಗಳಲ್ಲಿ 1948ರ ತನಕ ಉರ್ದು. ಹಾಗಾಗಿ ಅಲ್ಲಿ ಪದದ ಜೊತೆಗೆ ಒಂದು ನುಡಿಗಟ್ಟೂ ಹೊಂದಿಕೊಂಡಿದೆ: ಕಮ್ಮಿ ಬೀಳೋದು. ದಖ್ಖನಿ ಉರ್ದುವಿನ 'ಕಮ್ ಪಡನಾ', ಮರಾಠಿಯ 'ಕಮಿ ಪಡಣೆ' ಇದೇ ಮಾತು. ಯಾರು ಯಾರಿಂದ ಕಲಿತರು ಅನ್ನೋ ಜಗಳ ಬೇಡ. ನಮ್ಮಲ್ಲಿ ಬರವೂ ಬೀಳುತ್ತದೆ!

ಆ ಕಡೆಯ ಮದುವೆ ಊಟದಲ್ಲಿ ಕೂತು ನೋಡಿ. ಬುಟ್ಟಿ ಹಿಡಿದ ಹುಡುಗ ಪಂಕ್ತಿಯ ನಡುವೆ ನಿಂತು ಕೂಗುತ್ತಾನೆ: 'ಕಾಕಾ, ರೊಟ್ಟಿ ಕಮ್ಮಿ ಬಿದ್ದಾವ!' ಕಾಕಾ ಗಾಬರಿ ಆಗೋದಿಲ್ಲ. ಓಣಿಯೊಳಗೆ ನಾಲ್ಕು ಮನೆ ತಿರುಗುತ್ತಾರೆ. ಬಿಳಿ ಬಟ್ಟೆಯಲ್ಲಿ ಕಟ್ಟಿದ ಗರಿಗರಿ ಕಟಕ್ ರೊಟ್ಟಿ ಬಂದುಬಿಡುತ್ತದೆ. ಅಷ್ಟರಲ್ಲಿ ಬೀಗರು ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಹಚ್ಚಿಕೊಂಡು ಕೂತಿರುತ್ತಾರೆ. ನನ್ನ ಕಿವಿಗೆ ಎರಡು ಪದಗಳ ವ್ಯತ್ಯಾಸ ಇಷ್ಟೇ. ಕಮ್ಮಿ ಬಿದ್ದದ್ದನ್ನು ಯಾರಾದರೂ ಎದ್ದು ಹೋಗಿ ತರಬಹುದು. ಕೊರತೆ ಇದೆ ಅಂದರೆ ಅರ್ಜಿ ಬರೀಬೇಕು.

ಕಮ್ಮಿಗೆ ಸೊಕ್ಕೂ ಇದೆ. 'ನಮಗೇನ್ ಕಮ್ಮಿ ಅದ?' ಅಂದರೆ ಅದು ಪ್ರಶ್ನೆ ಅಲ್ಲ. 'ಅಂವಾ ಏನ್ ಕಮ್ಮಿ ಇಲ್ಲ' ಅಂದರೆ ಹೊಗಳಿಕೆಯೋ ಎಚ್ಚರಿಕೆಯೋ, ಹೇಳಿದವರ ಮುಖ ನೋಡಿಯೇ ತಿಳೀಬೇಕು.

ಬರಕ್ಕೆ ಮಾತ್ರ ಕಮ್ಮಿ ಸಾಲದು. 14ನೇ ಶತಮಾನದ ಕೊನೆಗೆ ಕಲಬುರಗಿಯಿಂದ ಆಳುತ್ತಿದ್ದ ಎರಡನೇ ಮುಹಮ್ಮದ್ ಶಾ, ಬರ ಬಿದ್ದಾಗ 10,000 ಎತ್ತುಗಳನ್ನು ಹೂಡಿ ಮಾಳ್ವ, ಗುಜರಾತಿನಿಂದ ಧಾನ್ಯ ತರಿಸಿದ ಅಂತ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಅದು ಓಣಿ ತಿರುಗಿ ತುಂಬಿಸೋ ಲೆಕ್ಕ ಅಲ್ಲ.

ಯಾದಗಿರಿ ಕಡೆಯ ಓದುಗರೇ, ನಿಮ್ಮ ಮನೆಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ಬರೆದು ಕಳಿಸಿ. ಪುಟ ಕಮ್ಮಿ ಬಿದ್ದರೆ ಜಾಹೀರಾತು ಒಂದನ್ನು ತೆಗೆಯೋಣ.