ಸರೋವರ ಸುತ್ತುವ ಸೈಕಲ್ ಗುಂಪು ಯಾವ ದಿಕ್ಕು ಹಿಡಿಯಬೇಕು?

ಮಾನ್ಯರೇ,

ವಾರಾಂತ್ಯದ ಸೈಕಲ್ ಪ್ರವಾಸದ ಬರಹಗಳಲ್ಲಿ ಸರೋವರದ ಚಿತ್ರ, ಒಟ್ಟು ಕಿಲೋಮೀಟರು ಎರಡೂ ಸಿಗುತ್ತವೆ. ಯಾವ ದಿಕ್ಕಿನಲ್ಲಿ ಸುತ್ತಬೇಕು, ಏರು ಎಷ್ಟು ಎಂಬುದು ಮಾತ್ರ ಸಿಗುವುದಿಲ್ಲ. ಹೊಸಬರನ್ನು ಕಟ್ಟಿಕೊಂಡು ಹೊರಡುವ ಗುಂಪಿಗೆ ಮೊದಲು ಬೇಕಾದದ್ದು ಅದೇ. ದಯವಿಟ್ಟು ಅದನ್ನೂ ಪ್ರಕಟಿಸಿ.

ವಾಹನಗಳು ಎಡಬದಿಯಲ್ಲಿ ಸಾಗುವ ಕಡೆ ಸರೋವರವನ್ನು ಅಪ್ರದಕ್ಷಿಣವಾಗಿ ಸುತ್ತುವುದು ಲೇಸು. ನೀರು ಸದಾ ಎಡಕ್ಕೇ ಇರುತ್ತದೆ. ನೋಟ ಚೆನ್ನಾಗಿದೆಯೆಂದು ನಿಂತಾಗಲೆಲ್ಲ ಇಡೀ ಗುಂಪು ರಸ್ತೆ ದಾಟಬೇಕಿಲ್ಲ. ಅಡ್ಡರಸ್ತೆಗಳೂ ಬಹುಪಾಲು ಬಲಗಡೆಯಿಂದಲೇ ಬಂದು ಸೇರುತ್ತವೆ. ಬಲಬದಿ ಸಂಚಾರವಿದ್ದಲ್ಲಿ ಪ್ರದಕ್ಷಿಣವಾಗಿ ಹೋಗಬೇಕು. ಇದರಲ್ಲಿ ಒಂದು ತೊಡಕೂ ಇದೆ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ದೊಡ್ಡ ಸರೋವರವಾದರೆ ಗಾಳಿ ನೀರಿನ ಕಡೆಯಿಂದ ದಡಕ್ಕೆ ಬೀಸತೊಡಗುತ್ತದೆ. ಆ ಅಡ್ಡಗಾಳಿ ಸವಾರನನ್ನು ರಸ್ತೆಯ ನಡುವಿಗೇ ತಳ್ಳುತ್ತದೆ. ಮರಗಳ ಸಾಲು ಮುಗಿದು ಬಯಲು ತೆರೆದುಕೊಳ್ಳುವ ಜಾಗದಲ್ಲಿ ಹೊಡೆತ ದಿಢೀರನೆ ಬರುತ್ತದೆ. ಹಾಗಾಗಿ ತೆರೆದ ದಂಡೆಯ ಭಾಗವನ್ನು ಬೆಳಿಗ್ಗೆಯೇ ಮುಗಿಸಿ, ಮರಗಳ ಮರೆಯಿರುವ ಭಾಗವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಕು.

ದಂಡೆಯ ರಸ್ತೆ ಸಮತಟ್ಟು ಎಂದು ನಂಬುವವರೇ ಹೆಚ್ಚು. ಸರೋವರಕ್ಕೆ ಸೇರುವ ಒಂದೊಂದು ಹಳ್ಳಕ್ಕೂ ರಸ್ತೆ ಇಳಿದು ಮತ್ತೆ ಏರುತ್ತದೆ. ಚಿಕ್ಕ ಚಿಕ್ಕ ಏರುಗಳೇ ಸೇರಿ 60 ಕಿ.ಮೀ.ಗೆ 800 ಮೀಟರ್ ದಾಟಿದರೂ ಅಚ್ಚರಿಯಿಲ್ಲ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಬೇಕು. ಪೆಡಲ್ ಮೇಲೆ ಭಾರ ಹಾಕುತ್ತಲೇ ಮುಂಭಾಗದ (ಪೆಡಲ್ ಬಳಿಯ) ಗೇರ್ ಬದಲಿಸಿದರೆ ಚೈನ್ ಕಳಚುತ್ತದೆ, ಹಿಂದಿದ್ದವರು ಬಂದು ಮೈಮೇಲೆ ಬೀಳುತ್ತಾರೆ. ಇಳಿಜಾರಿನಲ್ಲಿ ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು ವೇಗ ಇಳಿಸಬೇಕು, ತಿರುವಿನೊಳಗೆ ಅಲ್ಲ. ನೆರಳಿನ ತಿರುವುಗಳಲ್ಲಿ ಒದ್ದೆ ಎಲೆ ಬಿದ್ದಿರುತ್ತದೆ. ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಇದ್ದವರು ಮಂಜಿನ ಬೆಳಿಗ್ಗೆ ಒಂದೆರಡು ಸಲ ಮೆಲ್ಲಗೆ ಹಿಡಿದುಬಿಟ್ಟು ರಿಮ್ಮಿನ ನೀರು ಒರೆಸಿಕೊಂಡಿರಬೇಕು. ಮರದ ಹಲಗೆಯ ಸೇತುವೆ ಒದ್ದೆಯಿದ್ದರೆ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ನೇರ ದಾಟಬೇಕು.

ಒಬ್ಬರೇ ಗಂಟೆಗೆ 20 ಕಿ.ಮೀ. ಹೋಗುವವರಿದ್ದರೂ, ನಿಲುಗಡೆಗಳೆಲ್ಲ ಸೇರಿ ಹತ್ತು ಜನರ ಗುಂಪಿಗೆ 12 ಎಂದೇ ಲೆಕ್ಕ ಹಾಕಿ. 60 ಕಿ.ಮೀ.ಗೆ ಐದು ಗಂಟೆ ಬೇಕು. ಶನಿವಾರಕ್ಕೆ ಹೆಚ್ಚು ದೂರ, ಭಾನುವಾರಕ್ಕೆ ಕಡಿಮೆ. ಎರಡನೆಯ ದಿನ ಕಾಲಿಗಿಂತ ಮೊದಲು ಸೀಟಿನ ಮೇಲೆ ಕೂರುವ ಮೂಳೆಗಳು ಸೋಲುತ್ತವೆ. ದಾರಿ ತಪ್ಪದಿರಲು ಫೋನಿಗಿಂತ ಒಳ್ಳೆಯ ಉಪಾಯ ಒಂದಿದೆ: ಪ್ರತಿ ತಿರುವಿನಲ್ಲೂ ಮುಂದಾಳುವಿನ ಹಿಂದಿದ್ದವರು ನಿಂತು, ಕೊನೆಯ ಸವಾರ ಬರುವವರೆಗೂ ದಾರಿ ತೋರಿಸುವುದು. ಕೊನೆಯಲ್ಲಿ ಇರುವವರು ಅನುಭವಿಯಾಗಿರಬೇಕು, ಪಂಪು ಅವರ ಬಳಿಯೇ ಇರಬೇಕು. ಮುಂದಿನ ಸೈಕಲ್‌ನ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ತೂರಿಸಬೇಡಿ. ಎರಡೂ ತಾಗಿದರೆ ಬೀಳುವವರು ಹೆಚ್ಚಾಗಿ ಹಿಂದಿನವರೇ. ಹೊಸಬರು ಎರಡು ಮೀಟರ್ ಅಂತರ ಬಿಡಲಿ.

"ಯಾರಾದರೂ ತಂದಿರುತ್ತಾರೆ" ಎಂಬ ಭರವಸೆ ಟ್ಯೂಬಿನ ವಿಷಯದಲ್ಲಿ ನಡೆಯುವುದಿಲ್ಲ. 26 ಇಂಚು, 29 ಇಂಚು, 700ಸಿ ಚಕ್ರಗಳು ಒಂದೇ ಗುಂಪಿನಲ್ಲಿರುತ್ತವೆ. ಕಾರಿನ ಬಗೆಯ ದಪ್ಪ ವಾಲ್ವು, ತೆಳುವಾದ ಪ್ರೆಸ್ಟಾ ಬಗೆಯ ವಾಲ್ವಿಗೆಂದು ಕೊರೆದ ರಿಮ್ಮಿನ ರಂಧ್ರದಲ್ಲಿ ತೂರುವುದೇ ಇಲ್ಲ. ಪ್ರತಿಯೊಬ್ಬರೂ ತಮ್ಮ ಅಳತೆಯ ಎರಡು ಟ್ಯೂಬ್ ಇಟ್ಟುಕೊಳ್ಳಲಿ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು ಕಂಡರೆ ಗಾಳಿ ಕಡಿಮೆಯಿತ್ತು ಎಂದರ್ಥ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ನಜ್ಜಾಗಿದೆ. ಒಂದೇ ತೂತಿದ್ದರೆ ಹೊಸದನ್ನು ಹಾಕುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಸವರಿ ಮುಳ್ಳನ್ನೋ ಗಾಜಿನ ಚೂರನ್ನೋ ಹುಡುಕಿ ತೆಗೆಯಬೇಕು. ರಿಪೇರಿಗೆ ಇಬ್ಬರು ಸಾಕು. ಉಳಿದವರು ಸೈಕಲ್ ಸಮೇತ ಡಾಂಬರು ಬಿಟ್ಟು ಕೆಳಗೆ ನಿಲ್ಲಲಿ.

– ಸೈಕಲ್ ಸವಾರರು, ನಿಮ್ಮ ಓದುಗರು