ಮೊದಲ ಕ್ರೆಡಿಟ್ ಕಾರ್ಡ್ ಪಡೆದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ನೋಡಿದೆ. ಹೊಸ ಕ್ರೆಡಿಟ್ ಕಾರ್ಡ್, ಅದರ ಮೇಲೆ ನಿನ್ನ ಹೆಸರು. ತುಂಬಾ ಖುಷಿಯಾಯಿತು ಕಣೋ. ಆದರೆ ಮೊದಲು ಆ ಫೋಟೋ ಡಿಲೀಟ್ ಮಾಡು. ಗ್ರೂಪಿನಲ್ಲಿ ಹಾಕಿದ್ದರೆ ಅಲ್ಲಿಂದಲೂ ತೆಗೆದುಬಿಡು. ಎರಡೂ ಬದಿ ಕಳಿಸಿದ್ದೀಯ, ನಂಬರು, ಹಿಂಬದಿಯ ಗುಟ್ಟಿನ ಅಂಕಿ ಸಿವಿವಿ ಎಲ್ಲ ಕಾಣುತ್ತಿದೆ. ಹೊರದೇಶದ ಕೆಲವು ವೆಬ್‌ಸೈಟುಗಳಲ್ಲಿ ಓಟಿಪಿ ಕೇಳದೆಯೂ ದುಡ್ಡು ಹೋಗುತ್ತದೆ. ಬ್ಯಾಂಕಿನ ಆಪ್‌ನಲ್ಲಿ ವಿದೇಶಿ ವ್ಯವಹಾರಕ್ಕೆ ಒಂದು ಸ್ವಿಚ್ ಇರುತ್ತದೆ, ಅದು ಆನ್ ಆಗಿದ್ದರೆ ಆಫ್ ಮಾಡು. ಧಾರವಾಡದಲ್ಲಿ ಓದುವ ನಿನಗೆ ಸದ್ಯ ಅದರ ಅಗತ್ಯ ಇಲ್ಲ.

ಸ್ಕಾಲರ್‌ಶಿಪ್ಪಿನ 20,000 ರೂಪಾಯಿಯನ್ನು ಎಫ್‌ಡಿ ಇಟ್ಟು, ಆ ಠೇವಣಿಯ ಭದ್ರತೆಯ ಮೇಲೆ ಕಾರ್ಡ್ ತೆಗೆದುಕೊಂಡಿದ್ದು ಒಳ್ಳೆಯದೇ. ಸಂಬಳ ಇಲ್ಲದ ವಿದ್ಯಾರ್ಥಿಗೆ ಇದೇ ಸುಲಭದ ದಾರಿ. ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ. ಆದರೆ "ಎಫ್‌ಡಿ ಇದೆಯಲ್ಲ, ಏನಾಗುತ್ತೆ ಬಿಡು" ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಇದನ್ನು ನಿನಗೆ ಇಲ್ಲಿಯವರೆಗೆ ಹೇಳಿರಲಿಲ್ಲ.

ಡಿಗ್ರಿ ಕೊನೆಯ ವರ್ಷ ನಾವು ಆರು ಜನ ಗೋಕರ್ಣಕ್ಕೆ ಹೋಗಿದ್ದೆವು, ನೆನಪಿದೆಯಾ? ಅಕ್ಕನ ಮದುವೆ ಅಂತ ನೀನು ಬಂದಿರಲಿಲ್ಲ. ಬಸ್ಸು, ರೂಮು, ಊಟ ಎಲ್ಲ ನನ್ನ ಕಾರ್ಡಿನಲ್ಲೇ ಆಯಿತು. "ಈಗ ನೀನು ಹಾಕಿರು, ಆಮೇಲೆ ಕಳಿಸ್ತೀವಿ" ಅಂದರು. ಕಳಿಸಿದರು ಕೂಡ, ಯಾರೂ ಮೋಸ ಮಾಡಲಿಲ್ಲ. ಆದರೆ ಒಬ್ಬ ಒಂದು ವಾರ ಐನೂರು, ಇನ್ನೊಬ್ಬ ಮತ್ತೊಂದು ವಾರ ಸಾವಿರ, ಹೀಗೆ ಚೂರುಚೂರಾಗಿ ಬಂತು. ಬಂದಿದ್ದೆಲ್ಲ ಮೆಸ್ಸಿಗೆ, ರೀಚಾರ್ಜಿಗೆ, ಊರಿನ ಬಸ್ಸಿಗೆ ಕರಗಿಹೋಯಿತು. ಬಿಲ್ ಬಂದಾಗ 14,000 ರೂಪಾಯಿ. ನನ್ನ ಖಾತೆಯಲ್ಲಿ ಎರಡು ಸಾವಿರವೂ ಇರಲಿಲ್ಲ.

ಬಿಲ್ಲಿನಲ್ಲಿ ಎರಡು ಮೊತ್ತ ಇತ್ತು. ಟೋಟಲ್ ಡ್ಯೂ, ಅಂದರೆ ಪೂರ್ತಿ ಬಾಕಿ, 14,000. ಅದರ ಕೆಳಗೆ ಮಿನಿಮಮ್ ಡ್ಯೂ, ಅಂದರೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, 700. ಸದ್ಯಕ್ಕೆ 700 ಕಟ್ಟಿದರೆ ಸಾಕು, ಉಳಿದಿದ್ದು ಸುಮ್ನೆ ಕಂತು ಅಂದುಕೊಂಡೆ. ಲೆಕ್ಕ ನೋಡು. ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42. 14,000ಕ್ಕೆ ತಿಂಗಳಿಗೆ ಹತ್ತಿರ ಹತ್ತಿರ 490 ರೂಪಾಯಿ ಬಡ್ಡಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅದು 88. ಒಟ್ಟು 578. ನಾನು ಕಟ್ಟಿದ 700ರಲ್ಲಿ ಸಾಲ ಇಳಿದಿದ್ದು ಬರೀ 122 ರೂಪಾಯಿ!

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಪೂರ್ತಿ ಬಿಲ್ ಕಟ್ಟದಿದ್ದರೆ ಹೊಸ ಖರ್ಚಿಗೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ಆಮೇಲೆ ನಾನು ಕೊಂಡ ಪುಸ್ತಕಕ್ಕೂ ಕೊಂಡ ದಿನದಿಂದಲೇ ಬಡ್ಡಿ ಶುರುವಾಗಿತ್ತು. ಐದು ತಿಂಗಳಲ್ಲಿ ಮೂರೂವರೆ ಸಾವಿರ ಕಟ್ಟಿದ್ದೆ. ಸಾಲ ಸಾವಿರವೂ ಇಳಿದಿರಲಿಲ್ಲ.

ಕೊನೆಗೆ ಅಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ. ಬಿಲ್ ಓದಿಸಿಕೊಂಡು, "ಇದು ಉದ್ರಿ ತಾನೆ?" ಅಂದರು. ನಮ್ಮೂರ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮ ಮನೆಗೆ ಒಂದು ಪುಟ ಯಾವಾಗಲೂ ಇರುತ್ತದೆ, ನಿನಗೂ ಗೊತ್ತಲ್ವಾ. ಅಡಿಕೆ ಮಾರಿದ ದಿನ ಅಪ್ಪ ಮನೆಗೆ ಬರುವ ಮೊದಲೇ ಅಲ್ಲಿ ಚುಕ್ತಾ ಮಾಡಿ ಬರುತ್ತಾರೆ. ಕಾರ್ಡಿನ ದುಡ್ಡನ್ನೂ ಹಾಗೇ ಕೊಟ್ಟು ಮುಗಿಸಿದರು. ಮೊದಲ ಸಂಬಳದಿಂದ ಅವರಿಗೆ ವಾಪಸ್ ಕೊಟ್ಟೆ. ಆದರೂ ಆ ಸಂಜೆ ಅವರು ಬೀರುವಿನಿಂದ ನೋಟು ತೆಗೆದು ಎಣಿಸಿದ್ದು ನನಗೆ ಮರೆಯುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಆಪ್‌ನಲ್ಲಿ ಬಿಲ್ ತಾನಾಗೇ ಕಟ್ಟುವ ಆಟೋಪೇ ಹಾಕುವಾಗ ಮಿನಿಮಮ್ಮಾ, ಟೋಟಲ್ಲಾ ಎಂದು ಕೇಳುತ್ತದೆ. ಟೋಟಲ್ ಅನ್ನೇ ಆರಿಸು. ಬಿಲ್ 5ನೇ ತಾರೀಕಿಗೆ ಆಗಿ, ಕಟ್ಟುವ ಕೊನೆ ದಿನ 24 ಅಂದುಕೋ. 6ನೇ ತಾರೀಕು ಕೊಂಡದ್ದು ಮುಂದಿನ ತಿಂಗಳ ಬಿಲ್ಲಿಗೆ ಹೋಗುತ್ತದೆ, ಸುಮಾರು 48 ದಿನ ಬಡ್ಡಿ ಇಲ್ಲ. 4ನೇ ತಾರೀಕು ಕೊಂಡರೆ 20 ದಿನ ಅಷ್ಟೇ. ಕೊನೆ ದಿನ ದಾಟಿ ಮೂರು ದಿನ ಕಳೆಯುವವರೆಗೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದನ್ನು ನಂಬಿಕೊಂಡು ಕೂರಬೇಡ, ಎರಡು ದಿನ ಮೊದಲೇ ಕಟ್ಟು.

ಗೆಳೆಯರ ಖರ್ಚಿಗೆ ಕಾರ್ಡ್ ಕೊಡಲೇಬೇಕಾದರೆ ಮೊದಲು ದುಡ್ಡು ಹಾಕಿಸಿಕೋ. ಕೇಳುವುದಕ್ಕೆ ಸಂಕೋಚ ಆಗುತ್ತದೆ, ಗೊತ್ತು. ಆದರೂ ಕೇಳು. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಲೇಬೇಡ, ಅದಕ್ಕೆ ಶುಲ್ಕವೂ ಉಂಟು, ಬಡ್ಡಿಯೂ ಅದೇ ದಿನದಿಂದ. ನಿನ್ನದು ರುಪೇ ಕಾರ್ಡ್ ಅಲ್ವಾ? ಅದನ್ನು ಯುಪಿಐಗೆ ಜೋಡಿಸಿದರೆ ಚಹಾದ ಅಂಗಡಿಯಲ್ಲೂ ಸ್ಕ್ಯಾನ್ ಮಾಡಬಹುದು. ನನ್ನನ್ನು ಕೇಳಿದರೆ ಈಗಲೇ ಜೋಡಿಸಬೇಡ. ಹದಿನೈದು, ಮೂವತ್ತು ರೂಪಾಯಿ ಯಾರಿಗೂ ಲೆಕ್ಕಕ್ಕೆ ಸಿಗುವುದಿಲ್ಲ.

ಎಫ್‌ಡಿ ಮಾತಿಗೆ ಬರುತ್ತೇನೆ. ನೀನು ಕಟ್ಟದೇ ಬಿಟ್ಟರೆ ಬ್ಯಾಂಕು ಎಫ್‌ಡಿ ಮುರಿದು ತನ್ನ ದುಡ್ಡು ತೆಗೆದುಕೊಳ್ಳುತ್ತದೆ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ, ಕಟ್ಟದ ತಿಂಗಳುಗಳು ನಿನ್ನ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಮುಂದೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದಲು ಅದನ್ನೇ ನೋಡುತ್ತಾರೆ. ನಿನ್ನ ಲಿಮಿಟ್ 18,000, ತಿಂಗಳಿಗೆ ಐದು ಸಾವಿರದೊಳಗೇ ಇರು. ಪೂರ್ತಿ ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆ ನೋಡಬಹುದು.

ಲಿಮಿಟ್ ಜಾಸ್ತಿ ಮಾಡುತ್ತೇವೆ, ಓಟಿಪಿ ಹೇಳಿ ಅಂತ ಯಾರಾದರೂ ಫೋನ್ ಮಾಡಿದರೆ ತಕ್ಷಣ ಇಟ್ಟುಬಿಡು. ದುಡ್ಡು ಹೋಗಿಬಿಟ್ಟರೆ ಕೂಡಲೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡು.

ಮೊದಲ ಬಿಲ್ ಬಂದ ದಿನ ನನಗೊಂದು ಕರೆ ಮಾಡು. ರಾತ್ರಿ ಊಟ ಆದ ಮೇಲೆ ಇಬ್ಬರೂ ಒಂದೊಂದೇ ಸಾಲು ಓದೋಣ. ಫೋಟೋ ಮಾತ್ರ ಈಗಲೇ ಡಿಲೀಟ್ ಮಾಡು.

ನಿನ್ನ ಗೆಳೆಯ
ಬೆಂಗಳೂರು